ಮಂತ್ರಿಗಳ ದನಿಯ ತುಂಡುಗಳು

ರೇಡಿಯೋದಲ್ಲಿ ಮಂತ್ರಿಯ ದನಿಯಲ್ಲಿ ಬಂದ ಮಾತನ್ನು ಆ ಮಂತ್ರಿ ನಡೆಸಿಕೊಡಲೇಬೇಕು ಎಂಬ ಕಾನೂನು ಬಂದ ಮೇಲೆ, ಹುಬ್ಬಳ್ಳಿಯ ನೀಲವ್ವ ಬಡಿಗೇರಳ ವಿಡಂಬನೆಯನ್ನು ಊರೆಲ್ಲ ಕಿವಿಗೊಟ್ಟು ಕೇಳುತ್ತಿತ್ತು. ಮಂತ್ರಿಗಳ ಭಾಷಣಗಳನ್ನು ಕತ್ತರಿಸಿ ಅವಳು ಹೊಸ ಮಾತು ಜೋಡಿಸುತ್ತಿದ್ದಳು. ಒಂದೊಂದು ಶಬ್ದವೂ ಅವರೇ ಆಡಿದ್ದಾಗಿರಬೇಕು, ಅಷ್ಟೆ. ಈ ವಾರ ಒಬ್ಬ ಮಂತ್ರಿಗಳ ದನಿಯಲ್ಲಿ ಬಿತ್ತರವಾದದ್ದು: “ಓಣಿಯ ಗಟಾರ ನಾನೇ ಸ್ವಚ್ಛ ಮಾಡುತ್ತೇನೆ.” ಅವರ ಹನ್ನೊಂದು ವರ್ಷದ ಭಾಷಣಗಳಲ್ಲಿ ‘ಗಟಾರ’ ಸಿಕ್ಕಿದ್ದು ಒಂದೇ ಕಡೆ, ವಿರೋಧಿಗಳ ಬಾಯಿ ಗಟಾರ ಎಂದು ಬೈಯುವಾಗ.

ಸಂಜೆ ಆ ಮಂತ್ರಿಗಳೇ ಸ್ಟುಡಿಯೋಕ್ಕೆ ಬಂದರು. ಮೊಣಕಾಲವರೆಗೂ ರಾಡಿ. ನೀಲವ್ವ ಬೈಗುಳಕ್ಕೆ ಸಿದ್ಧಳಾದಳು.

“ಅಕ್ಕಾರ, ನೀರು ಹರೀತು ನೋಡ್ರಿ,” ಎಂದರು ಅವರು. “ಗಟಾರದ ಎದುರು ಮನಿ ಅಜ್ಜಿ ನನ್ನ ಕೈಗೆ ನೀರು ಹಾಕಿ, ಚಹಾ ಕೊಟ್ಲು. ಇಷ್ಟು ವರ್ಷ ಹಾರ ಹಾಕಿದವರು ಭಾಳ ಮಂದಿ, ಹಿಂಗ ಕರದು ಚಹಾ ಕೊಟ್ಟವರು ಯಾರೂ ಇಲ್ಲ. ನಿಮ್ಮ ಉಪಕಾರ ಮರಿಯಂಗಿಲ್ಲ.”

“ಮುಂದಿನ ವಾರಕ್ಕ ನಿಮ್ಮ ಭಾಷಣದಾಗ ಬೇಕಾದ ಶಬ್ದನ ಸಿಗವಲ್ವು, ಸಾಹೇಬ್ರ,” ಎಂದಳು ನೀಲವ್ವ.

ಮಂತ್ರಿಗಳು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡರು. “ಹಂಗಾರ ರೆಕಾರ್ಡ್ ಮಾಡ್ಕೋರಿ. ನಳ. ಬೀದಿದೀಪ. ಕನ್ನಡ ಸಾಲಿ. ಸಂಡಾಸು.”

ಆಮೇಲೆ ಮೆಲ್ಲಗೆ ಹೇಳಿದರು: “ತಪ್ಪಾತು. ಇದೂ ಇರ್ಲಿ ಅಕ್ಕಾರ, ಬೇಕಾಗ್ತೈತಿ.”