ತೋಳಿನ ಮುಚ್ಚಳ

ಕಳೆದ ವರ್ಷದ ಮುಷ್ಕರ ಮುಗಿದ ಮೇಲೆ ನಗರಸಭೆಯು ಬೀದಿ ಗುಡಿಸುವ ಹೆಂಗಸರೆಲ್ಲರ ತೋಳುಗಳಿಗೆ ಮುಚ್ಚಳದ ಪ್ರೋಟೀನು ಚುಚ್ಚಿಸಿತು.

ಸ್ನಾಯುವಿನೊಳಗಿನ ಆಕ್ಟಿನ್ ಎಳೆಗಳ ತುದಿಗೆ ಆ ಮುಚ್ಚಳ ಕೂತರೆ ಎಳೆ ಮುಂದಕ್ಕೆ ಬೆಳೆಯುವುದಿಲ್ಲ, ತೋಳು ಎದೆಮಟ್ಟಕ್ಕಿಂತ ಮೇಲೇಳುವುದಿಲ್ಲ. ಪೊರಕೆ ಹಿಡಿಯಲು ಅಷ್ಟು ಸಾಕು, ಮುಷ್ಟಿ ಎತ್ತಲು ಸಾಲದು. ಅವರಲ್ಲೊಬ್ಬಳಾದ ದ್ಯಾಮವ್ವ ಹೂ ಮುಡಿಯಬೇಕಾದರೆ ನೆಲದ ಮೇಲೆ ಕೂರುತ್ತಿದ್ದಳು, ಜೊತೆಗೆ ಗುಡಿಸುವ ಗೆಳತಿ ಫಕೀರವ್ವ ನಿಂತು ಮುಡಿಸುತ್ತಿದ್ದಳು. ತಲೆಯಲ್ಲಿ ನವೆ ಎದ್ದರೆ ಇಬ್ಬರೂ ದೀಪದ ಕಂಬಕ್ಕೆ ಎಮ್ಮೆಗಳ ಹಾಗೆ ತಲೆ ಉಜ್ಜುತ್ತಿದ್ದರು.

ಇವತ್ತು ಮಂತ್ರಿಗಳು ಬರುವವರಿದ್ದರು. ಕೈ ಬೀಸಿ ಸ್ವಾಗತಿಸಲು ಜನ ಬೇಕಲ್ಲ! ಕೆಲಸ ಮಾಡಿಸುವ ಜಮಾದಾರ ಗುರಪ್ಪ ಎಲ್ಲರಿಗೂ ಮುಚ್ಚಳ ಬಿಚ್ಚುವ ಸೂಜಿ ಹಾಕಿದ. ಎಳೆಗಳು ಸರಸರನೆ ಬೆಳೆದವು, ತೋಳುಗಳು ಆಕಾಶಕ್ಕೆ ಎದ್ದವು. ಮಂತ್ರಿಗಳು ನಕ್ಕು, ಕೈಮುಗಿದು, ಕಾರು ಹತ್ತಿ ಹೋದರು.

"ಸಾಕ್ರವ್ವಾ, ಕೈ ಇಳಸ್ರಿ," ಎನ್ನುತ್ತ ಗುರಪ್ಪ ಮತ್ತೆ ಮುಚ್ಚಳದ ಸೂಜಿ ಹಿಡಿದು ಬಂದ. ತೋಳು ಇಳಿದಿದ್ದರೆ ಮಾತ್ರ ಆ ಮದ್ದು ಹತ್ತುತ್ತಿತ್ತು. ಅದು ಹೆಂಗಸರಿಗೂ ಗೊತ್ತಿತ್ತು.

ಯಾರೂ ಇಳಿಸಲಿಲ್ಲ. ಫಕೀರವ್ವ ಎರಡೂ ಕೈಯಿಂದ ತಲೆ ಕೆರೆದುಕೊಳ್ಳುತ್ತ ಸುಖದಿಂದ ಕಣ್ಣು ಮುಚ್ಚಿದ್ದಳು.

"ಮ್ಯಾಲಿನವ್ರು ನನ್ನ ಬೈತಾರ ಬೇ!" ಗುರಪ್ಪ ಗೋಗರೆದ. "ಎಷ್ಟೊತ್ತಂತ ಹಿಂಗ ನಿಂದರ್ತೀರಿ?"

"ವರ್ಷದ ತುರಿಕಿ ಐತೋ ತಮ್ಮಾ," ಎಂದಳು ದ್ಯಾಮವ್ವ, ತನ್ನ ಕೈಯಿಂದಲೇ ಹೂ ಮುಡಿಯುತ್ತ. "ನಿನಗ ಅಷ್ಟು ಅವಸರ ಇದ್ರ ನಿನ್ನ ತೋಳಿಗೇ ಚುಚ್ಚಿಕೋ. ನಾ ಅಂತೂ ಇಳಸಂಗಿಲ್ಲ."