ಸೆಕೆಂಡಿಗೊಮ್ಮೆ

"ಆಯ್ತೇನಪ್ಪಾ?" ಮೊಳಕಾಲ್ಮೂರಿನ ಸೀರೆ ಅಂಗಡಿಯ ಒಡತಿ ವೀರಮ್ಮ ಮತ್ತೆ ಕಂಪ್ಯೂಟರ್ ಕೋಣೆಯ ಬಾಗಿಲಲ್ಲಿ ಇಣುಕಿದರು. ಬಿಲ್ ಬರದೆ ಚಳ್ಳಕೆರೆಯ ಮದುವೆಯವರು ಸೀರೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾಯುತ್ತಿದ್ದರು.

"ಗಳಿಗೆಗೊಂದ್ಸಲ ಕೇಳ್ತಿದ್ರೆ ಕೆಲ್ಸ ಹೆಂಗ್ ಮಾಡ್ಲಿ ಅಮ್ಮಾರೆ? ಸುಮ್ಕೆ ಇರ್ರಿ," ಕಂಪ್ಯೂಟರ್ ರಿಪೇರಿಗೆ ಬಂದಿದ್ದ ಮಹಾಂತೇಶ್ ಸಿಡುಕಿದ. ವೀರಮ್ಮನ ಮುಖ ಸಣ್ಣದಾಯಿತು.

ಬಿಲ್ ಮಾಡುವ ಸರ್ವರ್ ಯಾಕೆ ನಿಧಾನವೆಂದು ತಿಳಿಯಲು ಬೆಳಿಗ್ಗೆ ಅವನೇ ಅದರ ಕೆಲಸದ ಅಂಕಿಅಂಶ ಕೇಳಿ ಕಲೆಹಾಕುವ ಟೂಲ್ ಹಾಕಿದ್ದ. ಏನೂ ಸಿಗದ ಸಿಟ್ಟಿಗೆ, ಹತ್ತು ನಿಮಿಷಕ್ಕೊಮ್ಮೆ ಸರ್ವರನ್ನು ಕೇಳುತ್ತಿದ್ದ ಆ ಟೂಲನ್ನು ಸೆಕೆಂಡಿಗೊಮ್ಮೆ ಕೇಳುವಂತೆ ಬದಲಿಸಿದ್ದ. ಆಮೇಲೆ ಬಿಲ್ಲುಗಳೇ ನಿಂತವು. ಈಗ ಯಾವುದು ಎಷ್ಟು ಶಕ್ತಿ ತಿನ್ನುತ್ತಿದೆಯೆಂದು ತೋರಿಸುವ ಮತ್ತೊಂದು ಕಮಾಂಡ್ ಕೊಟ್ಟ. ಸರ್ವರಿನ ಶಕ್ತಿಯನ್ನೆಲ್ಲ ತಿನ್ನುತ್ತಿದ್ದುದು ಆ ಟೂಲೇ.

ಅವನ ಬೆರಳು ಕೀಬೋರ್ಡಿನ ಮೇಲೆ ಹಾಗೇ ನಿಂತಿತು. ಬೆಳಿಗ್ಗೆಯಿಂದ ಆ ಬಡಪಾಯಿ ಸರ್ವರನ್ನು ಸೆಕೆಂಡಿಗೊಮ್ಮೆ "ಆಯ್ತಾ, ಆಯ್ತಾ" ಎಂದು ಕೇಳುತ್ತಿದ್ದವನು ತಾನೇ. ಟೂಲ್ ನಿಲ್ಲಿಸಿದ. ಹೊರಗೆ ಪ್ರಿಂಟರ್ ಕಿರುಗುಟ್ಟಿತು. ಬಾಗಿಲಲ್ಲಿದ್ದ ವೀರಮ್ಮ ಮದುವೆಯವರ ಬಿಲ್ ಹರಿದುಕೊಳ್ಳಲು ಅತ್ತ ಹೊರಟರು.