ಓದುತ್ತಿರುವಾಗಲೇ ಬದಲಾದ ಫೈಲು

ಆಫೀಸಿನ ಸರ್ವರ್ ತುಂಬಿಹೋಗಿತ್ತು. ಹಳೆಯ ಫೈಲುಗಳನ್ನೆಲ್ಲ ಒಟ್ಟಿಗೆ ಕಟ್ಟಿ ಬೇರೆ ಡಿಸ್ಕಿಗೆ ಸಾಗಿಸುವ ಕೆಲಸ ಸುಕನ್ಯಾಳದು. ಅವುಗಳಲ್ಲಿ ಮಗಳ ಕಥೆಯೂ ಇತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಆಫೀಸಿಗೆ ಬಂದು ಅಮ್ಮನ ಪಕ್ಕದಲ್ಲಿ ಕೂತು ಟೈಪ್ ಮಾಡುತ್ತಿದ್ದ, ಮುಗಿಯದೇ ಉಳಿದ ಕಥೆ. ಮಗಳು ತೀರಿಕೊಂಡು ವರ್ಷವಾಗಿತ್ತು.

ಅದೇ ಆಫೀಸಿನ ಅಕೌಂಟ್ಸ್‌ನಲ್ಲಿದ್ದ ಗಂಡನನ್ನು ಬೆಳಿಗ್ಗೆ ತಿಂಡಿಯ ಹೊತ್ತಿಗೆ ಕೇಳಿದ್ದಳು.

"ರೀ, ಅವಳ ಕಥೇನ ಮನೆಗೆ ತಗೊಂಡು ಬರ್ಲಾ?"

"ಆ ವಿಷಯ ಎತ್ತಬೇಡ ಅಂದಿದೀನಲ್ಲ. ಎಲ್ಲದರ ಜೊತೆ ಅದನ್ನೂ ಕಟ್ಟಿ ಹಾಕು," ಎಂದಿದ್ದ, ತಟ್ಟೆಯಿಂದ ತಲೆಯೆತ್ತದೆ.

ಇವರು ಮಗಳನ್ನು ಮರೆತೇಬಿಟ್ಟರು ಎಂದುಕೊಂಡಳು. ಅಳು ಬರಲಿಲ್ಲ. ಈಚೆಗೆ ಅವಳಿಗೆ ಅಳು, ನಗು ಏನೂ ಬರುತ್ತಿರಲಿಲ್ಲ.

ಮಧ್ಯಾಹ್ನ ಮಗಳ ಕಥೆಯ ಫೈಲಿಗೆ ಬಂದಾಗ ಸರ್ವರ್ ನಡೆಸುವ ಲಿನಕ್ಸ್ ತಕರಾರು ತೆಗೆಯಿತು: 'ಓದುತ್ತಿರುವಾಗಲೇ ಫೈಲು ಬದಲಾಗಿದೆ.' ಮತ್ತೆ ಮಾಡಿದಳು. ಮತ್ತೆ ಅದೇ ಮಾತು.

"ಫಾಲಾಕ್ಷ, ಡಿಸ್ಕ್ ಕೆಟ್ಟಿದೆಯೇನೋ ನೋಡಪ್ಪ."

ಪಕ್ಕದ ಮೇಜಿನ ಫಾಲಾಕ್ಷ ಬಂದು ನೋಡಿದ. "ಡಿಸ್ಕ್ ನಮಗಿಂತ ಗಟ್ಟಿಯಾಗಿದೆ ಮೇಡಂ. ಯಾರೋ ಈ ಫೈಲ್ ತೆಗೆದು ಬರೀತಾ ಇದಾರೆ. ನೀವು ಕಟ್ಟೋಕೆ ಹೋದಾಗೆಲ್ಲ ಒಂದೊಂದು ಸಾಲು ಜಾಸ್ತಿ ಆಗ್ತಿದೆ."

"ಯಾರಂತೆ? ಮುಚ್ಚೋಕೆ ಹೇಳು."

ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

"ಅಕೌಂಟ್ಸ್‌ನಿಂದ ಮೇಡಂ. ನಿಮ್ಮ ಮನೆಯವರು."